ಗೇಟು ದಾಟಿದ ಮೇಲಿನ ಹದಿನೈದು ದಿನ

ಜೈಲಿಗೆ ಸೇರಿಸಿಕೊಳ್ಳುವುದಕ್ಕೆ ಒಂದು ಕ್ರಮವಿದೆ. ಬಂದವನ ಹೆಸರು, ತಂದೆಯ ಹೆಸರು, ಊರು ಬರೆದುಕೊಳ್ಳುತ್ತಾರೆ. ತೂಕ, ಎತ್ತರ ನೋಡುತ್ತಾರೆ. ಮೈಮೇಲಿನ ಮಚ್ಚೆ, ಹಳೆಯ ಗಾಯದ ಕಲೆಗಳನ್ನು ಗುರುತಿಗೆಂದು ದಾಖಲಿಸುತ್ತಾರೆ. ಜೇಬಿನಲ್ಲಿದ್ದ ಹಣ, ಕೈಗಡಿಯಾರ, ಉಂಗುರಗಳಿಗೆ ಪಟ್ಟಿಯಾಗುತ್ತದೆ. ವೈದ್ಯರು ಪರೀಕ್ಷಿಸುತ್ತಾರೆ. ಅವನಿಗೊಂದು ನಂಬರು ಸಿಗುತ್ತದೆ. ಅಲ್ಲಿಂದ ಮುಂದೆ ಅವನ ಊಟ, ಹಾಸಿಗೆ, ಔಷಧ ಎಲ್ಲವೂ ಸರ್ಕಾರದ ಜವಾಬ್ದಾರಿ.

ಹೊರಗೆ ಕಳಿಸುವ ಕ್ರಮ ಇದಕ್ಕಿಂತ ಬಹಳ ಚಿಕ್ಕದು. ನ್ಯಾಯಾಲಯದ ಆದೇಶ ಬಂದಿದೆಯೇ, ಬೇರೆ ಮೊಕದ್ದಮೆಯಲ್ಲಿ ಬೇಕಾದವನೇ ಎಂದು ನೋಡುತ್ತಾರೆ. ಮಚ್ಚೆ, ಕಲೆಗಳನ್ನು ಮತ್ತೊಮ್ಮೆ ತಾಳೆ ಹಾಕುತ್ತಾರೆ. ಒಬ್ಬನ ಬದಲು ಇನ್ನೊಬ್ಬನನ್ನು ಬಿಟ್ಟುಬಿಡಬಾರದಲ್ಲ! ಸಾಮಾನು ಹಿಂದಿರುಗಿಸಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳುತ್ತಾರೆ. ಕಾಗದಪತ್ರದ ಕೆಲಸ ಮುಗಿಯುವ ಹೊತ್ತಿಗೆ ಎಷ್ಟೋ ಸಲ ಸಂಜೆಯಾಗಿರುತ್ತದೆ. ದೊಡ್ಡ ಗೇಟಿನೊಳಗಿನ ಸಣ್ಣ ಬಾಗಿಲು ತೆರೆದುಕೊಳ್ಳುತ್ತದೆ. ಆ ಕ್ಷಣದಿಂದ ಅವನ ಊಟ, ಹಾಸಿಗೆ, ಔಷಧ ಯಾರ ಜವಾಬ್ದಾರಿ?

ಜೈಲು ಗೃಹ ಇಲಾಖೆಗೆ ಸೇರಿದ್ದು, ಆಸ್ಪತ್ರೆ ಆರೋಗ್ಯ ಇಲಾಖೆಗೆ, ನಿರ್ಗತಿಕರ ಆಶ್ರಯ ಮತ್ತೊಂದು ಇಲಾಖೆಗೆ. ಒಂದರ ಅಂಗಳ ಮುಗಿದು ಇನ್ನೊಂದರ ಅಂಗಳ ಆರಂಭವಾಗುವ ನಡುವಿನ ಜಾಗದಲ್ಲಿ ಅವನು ನಿಂತಿರುತ್ತಾನೆ. ಬಿಡುಗಡೆ ಎಂಬ ಮಾತಿಗೂ ಕೈಬಿಡುವುದು ಎಂಬ ಮಾತಿಗೂ ಕನ್ನಡದಲ್ಲಿ ಧಾತು ಒಂದೇ ಆಗಿರುವುದು ಇಂಥ ಹೊತ್ತಿನಲ್ಲಿ ನೆನಪಾಗದೆ ಇರುವುದಿಲ್ಲ.

ಲೆಕ್ಕಕ್ಕೆ ಸಿಗದ ಸಾವು

ಜೈಲಿನಿಂದ ಹೊರಬಂದವರ ಆರೋಗ್ಯ ಏನಾಗುತ್ತದೆ ಎಂಬುದನ್ನು ಎಚ್ಚರದಿಂದ ಎಣಿಸಿ ನೋಡಿದ ಅಧ್ಯಯನಗಳಲ್ಲಿ ಪ್ರಸಿದ್ಧವಾದದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದ್ದು. 1999ರಿಂದ 2003ರವರೆಗೆ ಅಲ್ಲಿನ ಸೆರೆಮನೆಗಳಿಂದ ಬಿಡುಗಡೆಯಾದ 30,237 ಜನರ ಹೆಸರುಗಳನ್ನು ಮರಣ ದಾಖಲೆಗಳೊಂದಿಗೆ ತಾಳೆ ನೋಡಲಾಯಿತು. ಸರಾಸರಿ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ ಅವಧಿಯಲ್ಲಿ 443 ಮಂದಿ ತೀರಿಕೊಂಡಿದ್ದರು. ಇಂಗ್ರಿಡ್ ಬಿನ್ಸ್‌ವಾಂಗರ್ ಎಂಬ ವೈದ್ಯೆ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಈ ವರದಿಯಲ್ಲಿ ಎಲ್ಲರ ಗಮನ ಸೆಳೆದದ್ದು ಬೇರೆಯದೇ ಸಂಗತಿ. ಬಿಡುಗಡೆಯ ನಂತರದ ಮೊದಲ ಎರಡು ವಾರಗಳಲ್ಲಿ ಇವರ ಸಾವಿನ ಪ್ರಮಾಣ, ಅದೇ ರಾಜ್ಯದ ಇತರ ನಿವಾಸಿಗಳಿಗಿಂತ 12.7 ಪಟ್ಟು ಹೆಚ್ಚಿತ್ತು. ಮಾದಕ ವಸ್ತುವಿನ ಅತಿ ಸೇವನೆಯಿಂದ ಆಗುವ ಸಾವನ್ನಷ್ಟೇ ತೆಗೆದುಕೊಂಡರೆ 129 ಪಟ್ಟು.

ಕಾರಣ ಸರಳ, ಆದ್ದರಿಂದಲೇ ಭೀಕರ. ಹೆರಾಯಿನ್‌ನಂಥ ಅಫೀಮು ಜಾತಿಯ ಚಟವಿದ್ದವನ ಮೈ ದಿನದಿಂದ ದಿನಕ್ಕೆ ಹೆಚ್ಚು ಪ್ರಮಾಣವನ್ನು ತಾಳಿಕೊಳ್ಳಲು ಕಲಿತಿರುತ್ತದೆ. ಜೈಲಿನಲ್ಲಿ ಆ ಅಭ್ಯಾಸ ನಿಂತರೆ ತಾಳಿಕೆಯೂ ಇಳಿಯುತ್ತದೆ. ಚಟದ ಹಂಬಲ ಮಾತ್ರ ಇಳಿದಿರುವುದಿಲ್ಲ. ಹೊರಬಂದ ದಿನ ಹಳೆಯ ಗೆಳೆಯರು, ಹಳೆಯ ಜಾಗ, ಹಳೆಯ ಅಳತೆ. ಮೈ ಆ ಅಳತೆಯನ್ನು ಈಗ ತಡೆಯದು, ಉಸಿರಾಟ ನಿಲ್ಲುತ್ತದೆ. ಹೃದ್ರೋಗ, ಕೊಲೆ, ಆತ್ಮಹತ್ಯೆಗಳೂ ಆ ಪಟ್ಟಿಯಲ್ಲಿದ್ದವು. ಚಟ ಇಲ್ಲದವರೂ ಸತ್ತಿದ್ದರು ಎಂಬುದನ್ನು ಮರೆಯುವಂತಿಲ್ಲ.

ಅಮೆರಿಕದ ಮಾದಕ ವಸ್ತುವಿನ ಕಥೆ ನಮ್ಮದಲ್ಲ ಎನ್ನಬಹುದು. ಪಂಜಾಬ್, ದೆಹಲಿಗಳ ಜೈಲುಗಳಲ್ಲಿ ಅದು ನಮ್ಮದೂ ಹೌದು. ತಿಹಾರ್ ಜೈಲಿನಲ್ಲಿ 2008ರಲ್ಲೇ ಅಫೀಮು ಚಟಕ್ಕೆ ಬದಲಿ ಔಷಧ ಕೊಡುವ ಚಿಕಿತ್ಸೆ ಆರಂಭವಾಯಿತು. ಉಳಿದ ಕಡೆ ಕಾಯಿಲೆ ಬೇರೆ, ಅಪಾಯದ ಸ್ವರೂಪ ಅದೇ: ಒಳಗೆ ನಡೆಯುತ್ತಿದ್ದ ಚಿಕಿತ್ಸೆ ಗೇಟಿನಲ್ಲಿ ತುಂಡಾಗುತ್ತದೆ. ನಮ್ಮಲ್ಲಿ ಕೈದಿಯೊಬ್ಬ ಜೈಲಿನೊಳಗೆ ತೀರಿಕೊಂಡರೆ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕು. 1993ರಿಂದಲೂ ಈ ನಿಯಮವಿದೆ. ಕೇಂದ್ರದ ಅಪರಾಧ ದಾಖಲೆ ಸಂಸ್ಥೆ ಪ್ರತಿ ವರ್ಷದ ಕಾರಾಗೃಹ ಅಂಕಿಅಂಶದಲ್ಲಿ ಆ ಸಾವನ್ನು ಎಣಿಸುತ್ತದೆ. ಅದೇ ಮನುಷ್ಯ ಬಿಡುಗಡೆಯಾದ ಮೂರನೆಯ ದಿನ ಬಸ್ ನಿಲ್ದಾಣದಲ್ಲಿ ಸತ್ತರೆ ಆ ಪುಸ್ತಕದ ಯಾವ ಅಂಕಣದಲ್ಲೂ ಅವನಿಲ್ಲ.

ತುಂಡಾದ ಮಾತ್ರೆ

ಕ್ಷಯವನ್ನೇ ತೆಗೆದುಕೊಳ್ಳೋಣ. ಗಾಳಿ ಬೆಳಕು ಕಡಿಮೆ ಇರುವ ಕೋಣೆಯಲ್ಲಿ ಹತ್ತಾರು ಜನ ಒತ್ತೊತ್ತಾಗಿ ಮಲಗುವ ಜಾಗ ಈ ರೋಗಕ್ಕೆ ಹೇಳಿ ಮಾಡಿಸಿದ್ದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು. ಕೆಲವು ವಾರಗಳಲ್ಲೇ ಕೆಮ್ಮು ತಗ್ಗಿ, ಜ್ವರ ಬಿಟ್ಟು, ರೋಗಿ ಗೆಲುವಾಗುತ್ತಾನೆ. ಅಸಲಿಗೆ ಕಷ್ಟ ಇರುವುದು ಅಲ್ಲಿಯೇ, ಏಕೆಂದರೆ ಗೆಲುವಾದವನಿಗೆ ಮಾತ್ರೆ ನುಂಗಲು ಕಾರಣ ಕಾಣುವುದಿಲ್ಲ. ನಡುವೆ ನಿಲ್ಲಿಸಿದರೆ ರೋಗ ಮರಳುತ್ತದೆ, ಔಷಧಕ್ಕೆ ಬಗ್ಗದ ರೂಪವನ್ನೂ ತಾಳಬಹುದು. ಆಗ ಅದು ಅವನ ಹೆಂಡತಿ ಮಕ್ಕಳ, ಪಕ್ಕದ ಮನೆಯವರ ರೋಗವೂ ಆಗುತ್ತದೆ.

ಸರ್ಕಾರದಲ್ಲಿ ಇದಕ್ಕೆ ಸಾಧನಗಳಿಲ್ಲವೆಂದಲ್ಲ. ಪ್ರತಿ ಕ್ಷಯರೋಗಿಗೂ ‘ನಿಕ್ಷಯ್’ ವ್ಯವಸ್ಥೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಹಿಡಿದುಕೊಂಡು ಹೋದರೆ ದೇಶದ ಯಾವ ಊರಿನಲ್ಲಾದರೂ ಚಿಕಿತ್ಸೆ ಮುಂದುವರಿಸಬಹುದು. 2018ರಿಂದ ರೋಗಿಯ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1,000 ರೂಪಾಯಿಗೆ ಏರಿಸಲಾಗಿದೆ. ಹಣ ಬರುವುದು ಬ್ಯಾಂಕ್ ಖಾತೆಗೆ. ಖಾತೆಗೆ ಆಧಾರ್ ಬೇಕು. ಆಧಾರ್ ಮನೆಯಲ್ಲಿದೆ, ಮನೆಯವರು ಮಾತನಾಡಿಸುತ್ತಿಲ್ಲ. ಇಷ್ಟು ಸಣ್ಣ ಗಂಟು ಬಿಚ್ಚಲು ಯಾರೂ ಇಲ್ಲದಿದ್ದರೆ ಆರು ತಿಂಗಳ ಚಿಕಿತ್ಸೆ ಎರಡು ತಿಂಗಳಿಗೇ ಮುಗಿಯುತ್ತದೆ.

ಜೈಲಿನಲ್ಲಿ ಮಾತ್ರೆಯನ್ನು ಕೈಗೆ ಕೊಟ್ಟು ನುಂಗಿಸುವುದು ರೂಢಿ. ಇದರಿಂದ ಚಿಕಿತ್ಸೆ ಚೆನ್ನಾಗಿ ನಡೆಯುತ್ತದೆ, ಆದರೆ ತಾನು ನುಂಗುತ್ತಿರುವುದು ಏನೆಂದು ರೋಗಿಗೆ ಗೊತ್ತಾಗುವುದಿಲ್ಲ. ರಕ್ತದೊತ್ತಡದ ಮಾತ್ರೆ ಅವನ ಪಾಲಿಗೆ ‘ಬೆಳಗಿನ ಬಿಳಿ ಮಾತ್ರೆ’. ಹೊರಗೆ ಬಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾಗೆಂದರೆ ವೈದ್ಯರು ಮತ್ತೆ ಮೊದಲಿನಿಂದ ಆರಂಭಿಸಬೇಕು. ಎಚ್‌ಐವಿ ಇರುವವರಿಗೆ ದಿನವೂ ತಪ್ಪದೆ ಔಷಧ ಬೇಕು; ಅಲ್ಲಿ ಇದು ಇನ್ನೂ ಗಂಭೀರ.

ಮನಸ್ಸಿನ ಕಾಯಿಲೆಗಳ ವಿಷಯದಲ್ಲಿ ಬೆಂಗಳೂರಿನದೇ ಒಂದು ದೊಡ್ಡ ಅಧ್ಯಯನವಿದೆ. ನಿಮ್ಹಾನ್ಸ್ ವೈದ್ಯರು ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಅಮಲು ಪದಾರ್ಥಗಳ ಚಟವನ್ನು ಬದಿಗಿಟ್ಟು ಎಣಿಸಿದರೂ ಶೇ. 27.6 ಮಂದಿಯಲ್ಲಿ ಗುರುತಿಸಬಹುದಾದ ಮಾನಸಿಕ ತೊಂದರೆ ಇತ್ತು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ಇವರಲ್ಲಿ ಅನೇಕರಿಗೆ ಜೀವನದಲ್ಲಿ ಮೊದಲ ಸಲ ಮನೋವೈದ್ಯರು ಸಿಕ್ಕಿದ್ದೇ ಜೈಲಿನಲ್ಲಿ ಎಂದರೆ ಆಶ್ಚರ್ಯವಿಲ್ಲ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಚಿಕಿತ್ಸೆ ಕೊಡುವ ಮಾದರಿ ಇಡೀ ದೇಶಕ್ಕೆ ಹೋದದ್ದು ನಮ್ಮ ಬಳ್ಳಾರಿಯಿಂದ. 1980ರ ದಶಕದಲ್ಲಿ ಅಲ್ಲಿ ನಡೆದ ಪ್ರಯೋಗವೇ 1996ರ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಆಧಾರ. ಆ ಜಿಲ್ಲಾ ಚಿಕಿತ್ಸಾಲಯಕ್ಕೂ ಜೈಲಿನ ಗೇಟಿಗೂ ನಡುವೆ ಒಂದು ಚೀಟಿಯ ಸಂಬಂಧವಾದರೂ ಬೇಡವೇ?

ಹೊರಬರುವವರು ಯಾರು?

ಬಿಡುಗಡೆ ಎಂದೊಡನೆ ಕಣ್ಣ ಮುಂದೆ ಬರುವ ಚಿತ್ರ ಒಂದೇ. ಹದಿನಾಲ್ಕು ವರ್ಷ ಕಳೆದು, ತಲೆ ನರೆತು, ಸನ್ನಡತೆಯ ಆಧಾರದಲ್ಲಿ ಬಿಡುಗಡೆಯಾದ ಜೀವಾವಧಿ ಕೈದಿ. ಗಣರಾಜ್ಯೋತ್ಸವದ ಅಥವಾ ಸ್ವಾತಂತ್ರ್ಯ ದಿನದ ಆಸುಪಾಸಿನ ಸಣ್ಣ ಸಮಾರಂಭ. ಕೈಯಲ್ಲಿ ಜೈಲಿನ ದುಡಿಮೆಯ ಕೂಲಿ. ಅಂಥವರಿದ್ದಾರೆ. ಆದರೆ ಗೇಟು ದಾಟುವವರಲ್ಲಿ ಅವರು ಹಿಡಿಯಷ್ಟು ಜನ.

2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು. ಅವರಲ್ಲಿ 4,34,302 ಮಂದಿ, ಎಂದರೆ ನಾಲ್ವರಲ್ಲಿ ಮೂವರು, ವಿಚಾರಣಾಧೀನ ಕೈದಿಗಳು. ತಪ್ಪು ಮಾಡಿದ್ದಾರೆಂದು ಯಾವ ನ್ಯಾಯಾಲಯವೂ ಇನ್ನೂ ಹೇಳಿರಲಿಲ್ಲ. ಇವರು ಹೊರಬರುವುದು ಜಾಮೀನು ಸಿಕ್ಕ ದಿನ. ಅದು ನಾಳೆಯೋ, ಆರು ತಿಂಗಳ ಮೇಲೋ ಯಾರಿಗೂ ಗೊತ್ತಿಲ್ಲ. ಜಾಮೀನು ಮಂಜೂರಾದರೂ ಪಹಣಿ ಹಿಡಿದು ಬಂದು ನಿಲ್ಲುವ ಜಾಮೀನುದಾರ ಸಿಗಬೇಕು. ರಾಯಚೂರಿನಿಂದಲೋ ಒಡಿಶಾದಿಂದಲೋ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಬಂದವನಿಗೆ ಅಂಥವನು ಎಲ್ಲಿಂದ ಬರಬೇಕು? ಇದನ್ನು ಮನಗಂಡೇ ಕೇಂದ್ರ ಸರ್ಕಾರ 2023ರಲ್ಲಿ ಬಡ ಕೈದಿಗಳ ಜಾಮೀನಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲು 25,000 ರೂಪಾಯಿವರೆಗೆ ನೆರವು ನೀಡುವ ಯೋಜನೆ ತಂದಿತು.

ಶಿಕ್ಷೆಯಾದ ಕೈದಿಗೆ ಜೈಲಿನಲ್ಲಿ ಕೆಲಸವಿದೆ, ಕೂಲಿಯಿದೆ, ಬಿಡುಗಡೆಯ ದಿನಾಂಕ ಸುಮಾರಾಗಿ ಗೊತ್ತಿರುತ್ತದೆ. ಬಡಗಿ ಕೆಲಸವನ್ನೋ ನೇಯ್ಗೆಯನ್ನೋ ಕಲಿತಿರುತ್ತಾನೆ. ವಿಚಾರಣಾಧೀನ ಕೈದಿಯನ್ನು ದುಡಿಮೆಗೆ ಹಚ್ಚುವಂತಿಲ್ಲ, ಆದ್ದರಿಂದ ಸಾಮಾನ್ಯವಾಗಿ ಕೂಲಿಯೂ ಇಲ್ಲ. ಕಾನೂನಿನ ಕಣ್ಣಲ್ಲಿ ನಿರಪರಾಧಿಯಾಗಿರುವವನೇ ಎರಡು ವರ್ಷ ಒಳಗಿದ್ದು ಬರಿಗೈಲಿ ಹೊರಬರುತ್ತಾನೆ. ಅವನನ್ನು ಸಿದ್ಧಗೊಳಿಸಲು ಯಾರಿಗೂ ಸಮಯವಿರಲಿಲ್ಲ. ನಮ್ಮ ದೇಶದಲ್ಲಿ ನೂರು ವರ್ಷಗಳಿಂದ ‘ಬಿಡುಗಡೆಯ ನಂತರದ ಪಾಲನೆ’ ಎಂದು ಬರೆಯುತ್ತ ಬಂದಿರುವುದೆಲ್ಲ ಬಹುತೇಕ ಮೊದಲನೆಯವನಿಗಾಗಿ. ಗೇಟು ದಾಟುತ್ತಿರುವುದು ಎರಡನೆಯವನು.

ಆ ನೂರು ವರ್ಷದ ಬರವಣಿಗೆಯೂ ಕುತೂಹಲಕರವೇ. 1894ರ ಕಾರಾಗೃಹ ಕಾಯಿದೆ ಕಠೋರವಾದದ್ದೆಂದು ಹೆಸರಾದದ್ದು. ಅದರ 26ನೆಯ ಕಲಮಿನಲ್ಲಿ ಒಂದು ಮಾತಿದೆ: ತೀವ್ರವಾದ ಅಥವಾ ಅಪಾಯಕಾರಿಯಾದ ಕಾಯಿಲೆಯಿಂದ ನರಳುತ್ತಿರುವ ಕೈದಿಯನ್ನು, ಕಳಿಸುವುದು ಸುರಕ್ಷಿತವೆಂದು ವೈದ್ಯಾಧಿಕಾರಿ ಹೇಳುವವರೆಗೆ, ಅವನ ಇಚ್ಛೆಗೆ ವಿರುದ್ಧವಾಗಿ ಹೊರಗೆ ಕಳಿಸಬಾರದು. ಬ್ರಿಟಿಷರ ಕಾಲದ ಈ ಸಾಲು ಗೇಟಿನಾಚೆಗೂ ಒಂದು ದೇಹ ಇದೆಯೆಂದು ಒಪ್ಪಿಕೊಂಡಿತ್ತು. 1919-20ರ ಭಾರತೀಯ ಜೈಲು ಸಮಿತಿ ಸುಧಾರಣೆಯೇ ಸೆರೆಯ ಗುರಿಯೆಂದು ಹೇಳಿ, ಹೊರಬಂದವರಿಗೆ ನೆರವಾಗುವ ಸಂಘಗಳು ಬೇಕೆಂದಿತು. ಸ್ವಾತಂತ್ರ್ಯ ಬಂದ ಮೇಲೆ 1951-52ರಲ್ಲಿ ವಿಶ್ವಸಂಸ್ಥೆಯ ತಜ್ಞ ವಾಲ್ಟರ್ ರೆಕ್‌ಲೆಸ್ ಇಲ್ಲಿನ ಜೈಲುಗಳನ್ನು ಸುತ್ತಿ ಅದನ್ನೇ ಹೇಳಿದರು. ನ್ಯಾಯಮೂರ್ತಿ ಎ. ಎನ್. ಮುಲ್ಲಾ ಸಮಿತಿ 1983ರ ತನ್ನ ವಿಸ್ತಾರವಾದ ವರದಿಯಲ್ಲಿ ಮತ್ತೂ ಒತ್ತಿ ಹೇಳಿತು. ವರದಿಗಳು ಒಂದನ್ನೊಂದು ಉಲ್ಲೇಖಿಸುತ್ತ ಬೆಳೆದವು.

ಕೈದಿಗಳ ಬಗ್ಗೆ ವಿಶ್ವಸಂಸ್ಥೆ 1955ರಲ್ಲಿ ಮೊದಲು ರೂಪಿಸಿ 2015ರಲ್ಲಿ ಪರಿಷ್ಕರಿಸಿದ ನಿಯಮಗಳಿಗೆ ಈಗ ನೆಲ್ಸನ್ ಮಂಡೇಲಾ ಅವರ ಹೆಸರಿದೆ. ಬಿಡುಗಡೆಯಾದವನ ಬಳಿ ಗುರುತಿನ ಕಾಗದಗಳಿರಬೇಕು, ಇರಲು ಮನೆ ಮತ್ತು ಮಾಡಲು ಕೆಲಸ ಇರಬೇಕು, ತನ್ನ ಊರು ಸೇರುವಷ್ಟು ಹಣವಿರಬೇಕು ಎಂದು ಅವು ಹೇಳುತ್ತವೆ. ಹವಾಮಾನಕ್ಕೆ, ಋತುವಿಗೆ ತಕ್ಕ ಬಟ್ಟೆ ಇರಬೇಕು ಎಂಬುದೂ ಅದರಲ್ಲಿದೆ. ಬೇಸಗೆಯಲ್ಲಿ ಹಿಡಿದವನನ್ನು ಡಿಸೆಂಬರಿನಲ್ಲಿ ಬಿಟ್ಟರೆ ಅವನ ಮೈಮೇಲೆ ಬೇಸಗೆಯ ಅಂಗಿಯೇ ಇರುತ್ತದೆಂದು ಯಾರೋ ನೋಡಿ ಬಲ್ಲವರೇ ಬರೆದಿರಬೇಕು.

ಮುಜಫ್ಫರ್‌ಪುರದ ಮನುಷ್ಯ

ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ರುದುಲ್ ಸಾಹ್ ಮೊಕದ್ದಮೆಯನ್ನು ಈ ದೃಷ್ಟಿಯಿಂದ ಮತ್ತೆ ನೋಡಬಹುದು. ಬಿಹಾರದ ಮುಜಫ್ಫರ್‌ಪುರದ ಸೆಷನ್ಸ್ ನ್ಯಾಯಾಲಯ ಅವರನ್ನು 1968ರ ಜೂನ್ 3ರಂದು ದೋಷಮುಕ್ತಗೊಳಿಸಿತು. ಜೈಲಿನಿಂದ ಅವರು ಹೊರಬಂದದ್ದು 1982ರ ಅಕ್ಟೋಬರ್ 16ರಂದು, ಹದಿನಾಲ್ಕು ವರ್ಷದ ಮೇಲೆ. ಖುಲಾಸೆಯಾದಾಗ ಅವರಿಗೆ ಬುದ್ಧಿಭ್ರಮಣೆ ಇತ್ತೆಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಹಾಗಿದ್ದರೆ ಚಿಕಿತ್ಸೆ ಏನಾಯಿತು? ಸಿವಿಲ್ ಸರ್ಜನ್ 1977ರ ಫೆಬ್ರವರಿಯಲ್ಲೇ ಅವರ ಮನಸ್ಸು ಸ್ವಸ್ಥವಾಗಿದೆ ಎಂದು ವರದಿ ಮಾಡಿದ್ದರು, ಅದು ಕಾನೂನು ಇಲಾಖೆಗೂ ತಲುಪಿತ್ತು. ಅದಾದ ಮೇಲೂ ಐದು ವರ್ಷ ಬಾಗಿಲು ತೆರೆಯಲಿಲ್ಲ.

1983ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು, ಅದಾಗಲೇ ಕೊಟ್ಟಿದ್ದ 5,000 ರೂಪಾಯಿಯ ಜೊತೆಗೆ ಮತ್ತೆ 30,000 ರೂಪಾಯಿ ಕೊಡುವಂತೆ ಬಿಹಾರ ಸರ್ಕಾರಕ್ಕೆ ಆದೇಶಿಸಿತು. ಮೂಲಭೂತ ಹಕ್ಕಿನ ಭಂಗಕ್ಕೆ ನ್ಯಾಯಾಲಯವೇ ಪರಿಹಾರ ಕೊಡಿಸಿದ ಮಹತ್ವದ ತೀರ್ಪೆಂದು ಅದು ಪ್ರಸಿದ್ಧ. ಆ ಅರ್ಜಿಯಲ್ಲಿ ಕೇಳಿದ್ದು ಪರಿಹಾರವೊಂದನ್ನೇ ಅಲ್ಲ. ಸರ್ಕಾರದ ಖರ್ಚಿನಲ್ಲಿ ಪುನರ್ವಸತಿ, ಸರ್ಕಾರದ ಖರ್ಚಿನಲ್ಲಿ ವೈದ್ಯಕೀಯ ಚಿಕಿತ್ಸೆ ಎಂಬ ಎರಡು ಬೇಡಿಕೆಗಳೂ ಇದ್ದವು. ಪಠ್ಯಪುಸ್ತಕಗಳಲ್ಲಿ ಉಳಿದುಕೊಂಡದ್ದು ಹಣದ ಮೊತ್ತ.

ವಿಳಾಸವಿಲ್ಲದವರು

2008ರಲ್ಲಿ ಒಳಗೆ ಹೋದ ಒಬ್ಬಾಕೆ 2023ರಲ್ಲಿ ಹೊರಬಂದಳೆಂದು ಊಹಿಸಿಕೊಳ್ಳಿ. ಆಕೆಗೆ ಗೊತ್ತಿದ್ದ ಐನೂರರ ನೋಟು 2016ರಲ್ಲೇ ರದ್ದಾಗಿದೆ. ತರಕಾರಿ ಗಾಡಿಯ ಮೇಲೂ ಹಣ ಕಟ್ಟಲು ಚೌಕುಳಿ ಚಿತ್ರ ಅಂಟಿಸಿದ್ದಾರೆ. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲವೆಂದು ಯಾರೋ ಹೇಳುತ್ತಾರೆ. ಕಂಡಕ್ಟರ್ ಗುರುತಿನ ಚೀಟಿ ಕೇಳುತ್ತಾನೆ. ಅದು ಆಕೆಯ ಬಳಿ ಇಲ್ಲ. ಇನ್ನು ಊರಿನಲ್ಲಿ ಕಾದಿರುವುದೇನು? ಜೈಲಿಗೆ ಹೋಗಿ ಬಂದ ಗಂಡಸಿಗೆ ಮನೆಯ ಬಾಗಿಲು ಬೈಗುಳದೊಂದಿಗಾದರೂ ತೆರೆಯುತ್ತದೆ. ಹೆಂಗಸಿಗೆ ಎಷ್ಟೋ ಸಲ ಅದೂ ಇಲ್ಲ. ತವರಿನವರು ಗಂಡನ ಮನೆ ತೋರಿಸುತ್ತಾರೆ, ಅವರು ತವರನ್ನು. ಆರು ವರ್ಷದವರೆಗೆ ಮಗು ತಾಯಿಯ ಜೊತೆ ಜೈಲಿನಲ್ಲಿ ಇರಬಹುದೆಂದು 2006ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆಮೇಲೆ ಬೇರೆ ಕಡೆ ಬೆಳೆದ ಆ ಮಗುವಿಗೆ ಈಗ ಈಕೆಯ ಗುರುತು ಸಿಗಬೇಕು.

ಕೆಲಸ ಹುಡುಕುವುದು ಮುಂದಿನ ಪಾಡು. ಕಾವಲುಗಾರನ ಕೆಲಸಕ್ಕೆ 2005ರ ಕಾಯಿದೆಯಂತೆ ಪೂರ್ವಾಪರ ಪರಿಶೀಲನೆ ಆಗಬೇಕು. ಬ್ರಿಟನ್ನಿನಲ್ಲಿ 1974ರ ಕಾಯಿದೆಯೊಂದರ ಪ್ರಕಾರ ನಿಗದಿತ ವರ್ಷಗಳು ಕಳೆದ ಮೇಲೆ ಸಣ್ಣಪುಟ್ಟ ಹಳೆಯ ಶಿಕ್ಷೆಗಳು ‘ಸವೆದು ಹೋದವು’ ಎಂದು ಲೆಕ್ಕ. ಬಹುತೇಕ ಉದ್ಯೋಗಗಳಲ್ಲಿ ಅದನ್ನು ಹೇಳಬೇಕಾಗಿಲ್ಲ. ನಮ್ಮಲ್ಲಿ ಇಂಥ ಮರೆವಿನ ಕಾನೂನು ಬಾಲಾಪರಾಧಿಗಳಿಗೆ ಇದೆ, ಪ್ರೊಬೇಷನ್ ಮೇಲೆ ಬಿಟ್ಟವರಿಗೆ ಒಂದಿಷ್ಟು ರಕ್ಷಣೆಯಿದೆ. ಜಾಮೀನಿನ ಮೇಲೆ ಬಂದವನದು ಮತ್ತೊಂದು ತೊಂದರೆ. ಅವನು ತಿಂಗಳು ತಿಂಗಳು ಕೋರ್ಟಿನ ವಾಯಿದೆಗೆ ಹಾಜರಾಗಬೇಕು, ಕೆಲವೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಬೇಕು. ದಿನಗೂಲಿಯವನಿಗೆ ಒಂದು ವಾಯಿದೆ ಎಂದರೆ ಒಂದು ದಿನದ ಅನ್ನ. ಕಾಯಿಲೆ ಮಲಗಿಸಿ ಎರಡು ವಾಯಿದೆ ತಪ್ಪಿದರೆ ವಾರಂಟು ಬರುತ್ತದೆ, ಮತ್ತೆ ಅದೇ ಗೇಟು. ಆರೋಗ್ಯದ ಪ್ರಶ್ನೆ ಹೀಗೆ ನ್ಯಾಯದ ಪ್ರಶ್ನೆಯೂ ಆಗುತ್ತದೆ.

ಮೈಸೂರು ಕಾರಾಗೃಹದ ಕೈದಿಗಳು ಹುಲುಗಪ್ಪ ಕಟ್ಟೀಮನಿಯವರ ಗರಡಿಯಲ್ಲಿ ಪಳಗಿ ಊರೂರು ರಂಗಮಂದಿರಗಳಲ್ಲಿ ನಾಟಕವಾಡಿದಾಗ ಜನ ಚಪ್ಪಾಳೆ ತಟ್ಟಿದರು. ಅದೇ ಜನ ಬಾಡಿಗೆಗೆ ಮನೆ ಕೇಳಿಕೊಂಡು ಬಂದವನನ್ನು ಹೇಗೆ ನೋಡುತ್ತಾರೆ ಎಂಬುದು ಬೇರೆ ಮಾತು.

ನಡೆದು ತೋರಿಸಿದ ದಾರಿಗಳು

ಜೈಪುರದ ಬಳಿಯ ಸಾಂಗಾನೇರ್‌ನಲ್ಲಿ 1963ರಿಂದ ಒಂದು ಬಯಲು ಬಂದೀಖಾನೆಯಿದೆ. ಸುತ್ತಲೂ ಎತ್ತರದ ಗೋಡೆಯಿಲ್ಲ. ಬಹುಕಾಲ ಮುಚ್ಚಿದ ಜೈಲಿನಲ್ಲಿ ಕಳೆದು ಬಂದ ಕೈದಿಗಳು ಇಲ್ಲಿ ಹೆಂಡತಿ ಮಕ್ಕಳೊಂದಿಗೆ ಸಂಸಾರ ಹೂಡಿಕೊಂಡಿದ್ದಾರೆ, ಬೆಳಿಗ್ಗೆ ಎದ್ದು ಊರೊಳಗೆ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಹಾಜರಿ ಹೇಳುತ್ತಾರೆ. ಅಡುಗೆಗೆ ದಿನಸಿ ತರುವುದು, ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಓಡುವುದು, ಸಂಬಳ ಲೆಕ್ಕ ಹಾಕುವುದು ಎಲ್ಲ ಅವರದೇ. ಬಿಡುಗಡೆಯ ಆದೇಶ ಬರುವ ಹೊತ್ತಿಗೆ ಅವರು ಆಗಲೇ ಹೊರಗಿನ ಬದುಕಿಗೆ ಒಗ್ಗಿರುತ್ತಾರೆ. ಕರ್ನಾಟಕದಲ್ಲಿ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆಯಿದೆ. ಬೆಂಗಳೂರಿನ ಬಡಾವಣೆಯ ಹೆಸರೇ ಇರುವುದರಿಂದ ಗೊಂದಲ ಮಾಡಿಕೊಳ್ಳುವವರು ಉಂಟು. ಇವೆಲ್ಲ ಶಿಕ್ಷೆಯಾದವರಿಗೆ ಸರಿ. ದಿನಾಂಕ ಗೊತ್ತಿಲ್ಲದ ವಿಚಾರಣಾಧೀನರಿಗೆ ಬೇರೆ ಉಪಾಯ ಬೇಕು.

ಅಂಥ ಉಪಾಯ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2006ರಲ್ಲಿ ಆರಂಭವಾಯಿತು. ಜೈಲಿನಿಂದ ಬಂದವರಿಗೆಂದೇ ಒಂದು ಚಿಕಿತ್ಸಾಲಯ. ಅಲ್ಲಿ ರೋಗಿಯ ಕೈಹಿಡಿದು ನಡೆಸುವ ಆರೋಗ್ಯ ಕಾರ್ಯಕರ್ತ ಸ್ವತಃ ಜೈಲಿನಲ್ಲಿದ್ದು ಬಂದವನು. ಔಷಧದ ಅಂಗಡಿ, ಮನೆ, ಗುರುತಿನ ಚೀಟಿ ಎಲ್ಲಕ್ಕೂ ಅವನೇ ಜೊತೆಗಾರ. ಇದು ಆಮೇಲೆ ಅಮೆರಿಕದ ಹಲವು ನಗರಗಳಿಗೆ ಹರಡಿತು. ನಮ್ಮಲ್ಲಿ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಪ್ರಯಾಸ್’ 1990ರಿಂದ ಠಾಣೆ, ಕೋರ್ಟು, ಜೈಲುಗಳಲ್ಲಿ ಸಮಾಜ ಕಾರ್ಯಕರ್ತರನ್ನು ಇಟ್ಟು, ವಿಚಾರಣಾಧೀನರ ಜೊತೆಗೂ ಇದೇ ಬಗೆಯ ಕೆಲಸ ಮಾಡುತ್ತ ಬಂದಿದೆ. ನಾರ್ವೆ 1988ರಲ್ಲಿ, ಫ್ರಾನ್ಸ್ 1994ರಲ್ಲಿ ಜೈಲಿನ ವೈದ್ಯಕೀಯವನ್ನು ಜೈಲಿನ ಆಡಳಿತದಿಂದ ತೆಗೆದು ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೇ ಒಪ್ಪಿಸಿದವು. ಒಳಗಿನ ವೈದ್ಯರೂ ಹೊರಗಿನ ವೈದ್ಯರೂ ಒಂದೇ ವ್ಯವಸ್ಥೆಯವರಾದರೆ ರೋಗಿಯ ಕಡತ ಗೇಟಿನಲ್ಲಿ ನಿಲ್ಲಬೇಕಾಗಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು ಇಲ್ಲಿ ಒಂದು ಅವಕಾಶ ಕೊಟ್ಟಿದೆ. ಮೊದಲ ಸಲ ಆರೋಪ ಹೊತ್ತ ವಿಚಾರಣಾಧೀನ ಕೈದಿ, ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಇತರರು ಅರ್ಧ ಕಳೆದರೆ. ಮರಣದಂಡನೆ, ಜೀವಾವಧಿಯಂಥ ಪ್ರಕರಣಗಳಿಗೆ, ಒಂದಕ್ಕಿಂತ ಹೆಚ್ಚು ಮೊಕದ್ದಮೆ ಇರುವವರಿಗೆ ಇದು ಅನ್ವಯಿಸದು. ಅವಧಿ ಮುಗಿದೊಡನೆ ಕೋರ್ಟಿಗೆ ಅರ್ಜಿ ಸಲ್ಲಿಸಬೇಕಾದವರು ಜೈಲಿನ ಸೂಪರಿಂಟೆಂಡೆಂಟರೇ. ಹಾಗೆಂದರೆ ಇವರ ಮಟ್ಟಿಗೆ ಹೊರಹೋಗಬಹುದಾದ ದಿನವನ್ನು ಜೈಲಿನ ಕಚೇರಿಯೇ ಮುಂಚಿತವಾಗಿ ಲೆಕ್ಕ ಹಾಕಿಟ್ಟುಕೊಳ್ಳುತ್ತದೆ. ಆ ಅರ್ಜಿ ಸಿದ್ಧವಾಗುವ ವಾರದಲ್ಲೇ ವೈದ್ಯರಿಂದ ಕಾಯಿಲೆಯ ಮತ್ತು ಔಷಧದ ಹೆಸರು ಬರೆದ ಒಂದು ಹಾಳೆ, ಹದಿನೈದು ದಿನದ ಮಾತ್ರೆ, ಕ್ಷಯವಿದ್ದರೆ ನಿಕ್ಷಯ್ ಸಂಖ್ಯೆ, ಅವನ ಊರಿಗೆ ಹತ್ತಿರದ ಆರೋಗ್ಯ ಕೇಂದ್ರದ ಹೆಸರು, ಇಷ್ಟನ್ನು ಕೈದಿಯ ಸಾಮಾನಿನ ಜೊತೆ ಕಟ್ಟಿಡಲು ಹೊಸ ಕಾನೂನೇನೂ ಬೇಕಾಗಿಲ್ಲ.